ಲಂಡನ್ನಿನ ಕೊಳಚೆಯಿಂದ ಹೈಡ್ರೋಜನ್: ಆಗುತ್ತದೆಯೇ? ಆಗಬೇಕೇ?



ಸ್ಟ್ರಾಂಡ್ ರಸ್ತೆಯಲ್ಲಿ ಸವಾಯ್ ಹೋಟೆಲಿನ ಪಕ್ಕಕ್ಕೆ ಕಾರ್ಟಿಂಗ್ ಲೇನ್ ಎಂಬ ಇಳಿಜಾರಿನ ಸಣ್ಣ ಓಣಿ ಇದೆ. ಅಲ್ಲೊಂದು ಹಳೆಯ ಗ್ಯಾಸ್ ದೀಪದ ಕಂಬ. ಊರು ತೋರಿಸುವ ಗೈಡುಗಳು ಅದರ ಮುಂದೆ ಜನರನ್ನು ನಿಲ್ಲಿಸಿ, "ಈ ಹೋಟೆಲಿನ ಅತಿಥಿಗಳ ಶೌಚದ ಗ್ಯಾಸಿನಿಂದಲೇ ಉರಿಯುವ ದೀಪ ಇದು" ಎಂದು ಹೇಳುತ್ತಾರೆ. ಎಲ್ಲರೂ ನಗುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಆ ಓಣಿಗೆ ಒಂದು ಅಡ್ಡಹೆಸರೂ ಇದೆ. ರೇಡಿಯೋದಲ್ಲಿ ಹೇಳುವಂಥದ್ದಲ್ಲ, ನೀವೇ ಊಹಿಸಿಕೊಳ್ಳಿ.

ಕಥೆ ಚೆನ್ನಾಗಿದೆ. ಆದರೆ ಅರ್ಧ ಮಾತ್ರ ನಿಜ. 1890ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ವೆಬ್ ಎಂಬಾತ ಕಂಡುಹಿಡಿದ ಈ ಬಗೆಯ ದೀಪ ಉರಿಯುತ್ತಿದ್ದುದು ಊರಿಗೆಲ್ಲ ಪೈಪಿನಲ್ಲಿ ಬರುತ್ತಿದ್ದ ಮಾಮೂಲಿ ಗ್ಯಾಸಿನಿಂದ. ಆ ಉರಿಯ ಬಿಸಿಗೆ ಕೆಳಗಿನ ಚರಂಡಿಯ ಕೆಟ್ಟ ಗಾಳಿ ಕಂಬದೊಳಗಿಂದ ಮೇಲಕ್ಕೆ ಸೆಳೆದು ಬಂದು, ಅದೂ ಜೊತೆಗೆ ಸುಟ್ಟುಹೋಗುತ್ತಿತ್ತು. ಅಂದರೆ ದೀಪದ ಕೆಲಸ ಚರಂಡಿಯ ನಾತ ಕಳೆಯುವುದು. ಖರ್ಚಾಗುತ್ತಿದ್ದುದು ಬೇರೆ ಕಡೆಯ ಗ್ಯಾಸು.

ಈ ದೀಪದ ಮಾತು ಈಗ ಯಾಕೆ ಎಂದರೆ, ಇವತ್ತು ಅಂಥದೇ ಮಾತು ಹೊಸ ರೂಪದಲ್ಲಿ ಕೇಳಿಬರುತ್ತಿದೆ. "ಮನೆಯ ಕಸದಿಂದ, ಚರಂಡಿಯ ರಾಡಿಯಿಂದ ಹೈಡ್ರೋಜನ್ ಇಂಧನ ತೆಗೆಯಬಹುದು, ಅದರಿಂದ ಬಸ್ಸು ಓಡಿಸಬಹುದು, ವಿಮಾನವನ್ನೂ ಹಾರಿಸಬಹುದು." ನೀವು ಸುದ್ದಿಯಲ್ಲಿ ಓದಿರುತ್ತೀರಿ, ಶಾಲೆ ಕಾಲೇಜಿನ ಪ್ರಾಜೆಕ್ಟಿನಲ್ಲಿ ಬರೆದೂ ಇರುತ್ತೀರಿ. ನಮ್ಮಲ್ಲಿ "ಕಸದಿಂದ ರಸ" ಎಂಬ ಮಾತೇ ಇದೆಯಲ್ಲ, ಕೇಳಿದ ತಕ್ಷಣ ಖುಷಿಯಾಗುತ್ತದೆ. ಇದು ಸುಳ್ಳಲ್ಲ. ಆದರೆ ಆ ದೀಪದ ಹಾಗೆ ಇಲ್ಲಿಯೂ ಮೂರು ಪ್ರಶ್ನೆ ಕೇಳಬೇಕಾಗುತ್ತದೆ. ಬೆಂಕಿ ಯಾರದು? ಇಂಗಾಲ ಎಲ್ಲಿಗೆ ಹೋಯಿತು? ಕೊನೆಗೆ ಉಳಿದದ್ದು ಯಾರ ಬಾಗಿಲಿಗೆ ಹೋಯಿತು? ಇವತ್ತಿನ ಮಾತೆಲ್ಲ ಈ ಮೂರರ ಸುತ್ತ.

ಅಂಗೈಯಲ್ಲಿ ಬೆಣ್ಣೆ

ನಿಮ್ಮ ಅಪ್ಪ ಅಮ್ಮ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಹೈಡ್ರೋಜನ್ನನ್ನು "ಜಲಜನಕ" ಎಂದು ಕಲಿತಿರುತ್ತಾರೆ. ಜಲವನ್ನು ಹುಟ್ಟಿಸುವುದು ಜಲಜನಕ. ಗ್ರೀಕ್ ಮೂಲದ ಹೈಡ್ರೋಜನ್ ಎಂಬ ಹೆಸರಿಗೂ ಅದೇ ಅರ್ಥ. ಉರಿದರೆ ನೀರಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ. ಒಂದು ಕಿಲೋ ಹೈಡ್ರೋಜನ್ನಿನಲ್ಲಿ ಸುಮಾರು 33 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಇದೆ. ಇಲ್ಲಿನ ಒಂದು ಸಾಧಾರಣ ಮನೆ ನಾಲ್ಕು ದಿನ ಬಳಸುವ ವಿದ್ಯುತ್ತಿಗೆ ಅದು ಸಮ.

ತೊಂದರೆ ಏನೆಂದರೆ, ಹೈಡ್ರೋಜನ್ ಒಂಟಿಯಾಗಿ ಸಿಗುವುದು ಬಹಳ ಅಪರೂಪ. ನೀರಿನಲ್ಲಿ ಆಮ್ಲಜನಕದ ಜೊತೆ, ಅನ್ನದಲ್ಲಿ, ಸಗಣಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ, ನೆಲದಡಿಯ ಗ್ಯಾಸಿನಲ್ಲಿ ಇಂಗಾಲದ ಜೊತೆ ಅಂಟಿಕೊಂಡಿರುತ್ತದೆ. ಬಿಡಿಸಬೇಕಾದರೆ ಶಕ್ತಿ ಖರ್ಚು ಮಾಡಬೇಕು. 2023ರಲ್ಲಿ ಜಗತ್ತು ಬಳಸಿದ ಹೈಡ್ರೋಜನ್ ಸುಮಾರು 9.7 ಕೋಟಿ ಟನ್. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬಂದದ್ದು. ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದರೆ ಒಂಬತ್ತು ಹತ್ತು ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇಂಧನ ಶುದ್ಧ, ಅದನ್ನು ಮಾಡಿದ ಅಡುಗೆಮನೆಯ ತುಂಬ ಹೊಗೆ.

2021ರ ಜೂನ್‌ನಲ್ಲಿ ಲಂಡನ್ನಿನ 7ನೇ ನಂಬರ್ ಮಾರ್ಗದಲ್ಲಿ 20 ಹೈಡ್ರೋಜನ್ ಡಬಲ್ ಡೆಕರ್ ಬಸ್ಸುಗಳು ಓಡತೊಡಗಿದವು. ಈಸ್ಟ್ ಆಕ್ಟನ್‌ನಿಂದ ಆಕ್ಸ್‌ಫರ್ಡ್ ಸರ್ಕಸ್ ಕಡೆಗೆ ಹೋಗುವ ಮಾರ್ಗ, ಪೆರಿವೇಲ್‌ನಲ್ಲಿ ಡಿಪೋ. ಶುರುವಿನಲ್ಲಿ ಅವಕ್ಕೆ ಹೈಡ್ರೋಜನ್ ಬರುತ್ತಿದ್ದುದು ಲಿವರ್‌ಪೂಲ್ ಹತ್ತಿರದ ರನ್‌ಕಾರ್ನ್‌ನಿಂದ. ಅಲ್ಲಿ ಕ್ಲೋರಿನ್ ತಯಾರಿಸುವಾಗ ಹೈಡ್ರೋಜನ್ ಉಪ ಉತ್ಪನ್ನವಾಗಿ ಸಿಗುತ್ತದೆ. ಅದನ್ನು ತುಂಬಿಕೊಂಡು ಲಾರಿ ಸುಮಾರು 200 ಮೈಲಿ ಬರಬೇಕು.

ಆಗ ಯಾರಿಗಾದರೂ ಅನ್ನಿಸುತ್ತದೆ: ಲಂಡನ್ನಿನಲ್ಲೇ ಬೆಕ್ಟನ್ ಇದೆ, ಸುಮಾರು 40 ಲಕ್ಷ ಜನರ ಕೊಳಚೆ ನೀರು ಅಲ್ಲಿಗೆ ಬರುತ್ತದೆ. ಹೌನ್ಸ್ಲೋ ಪಕ್ಕದ ಮಾಗ್ಡನ್‌ಗೆ ಸುಮಾರು 20 ಲಕ್ಷ ಜನರದ್ದು ಬರುತ್ತದೆ. ಮನೆ ಮನೆಯ ಕಸ ಬೇರೆ. ಇಷ್ಟೆಲ್ಲ ಇಟ್ಟುಕೊಂಡು ರನ್‌ಕಾರ್ನ್‌ಗೆ ಯಾಕೆ ಹೋಗಬೇಕು? ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಲ್ಲವೇ?

ಗಾದೆ ಸರಿಯಾಗಿದೆ. ಆದರೆ ಬೆಣ್ಣೆ ತಾನಾಗಿ ತುಪ್ಪವಾಗುವುದಿಲ್ಲ. ಒಲೆ ಬೇಕು, ಸೌದೆ ಬೇಕು, ಹದ ನೋಡುವವರು ಬೇಕು. ಆ ಒಲೆಯ ಲೆಕ್ಕವನ್ನು ನೋಡೋಣ.

ಬೆಕ್ಟನ್‌ನಲ್ಲಿ ಇಬ್ಬರು ನೆರೆಹೊರೆಯವರು

ಮೊದಲು ಒಂದು ವಿಷಯ. ಲಂಡನ್ನಿಗೆ ಹೈಡ್ರೋಜನ್ ಹೊಸದೇನಲ್ಲ.

ಕಾರ್ಟಿಂಗ್ ಲೇನ್ ದೀಪದಲ್ಲಿ ಉರಿಯುತ್ತಿದ್ದ ಊರಿನ ಗ್ಯಾಸು ಕಲ್ಲಿದ್ದಲಿನಿಂದ ಮಾಡಿದ್ದು, ಆ ಗ್ಯಾಸಿನಲ್ಲಿ ಸರಿಸುಮಾರು ಅರ್ಧ ಭಾಗ ಹೈಡ್ರೋಜನ್ನೇ. ಉಳಿದದ್ದು ಮೀಥೇನ್, ಜೊತೆಗೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್. ಅದನ್ನು ಮಾಡುತ್ತಿದ್ದ ದೊಡ್ಡ ಕಾರ್ಖಾನೆ 1870ರಲ್ಲಿ ಪೂರ್ವ ಲಂಡನ್ನಿನಲ್ಲಿ ಶುರುವಾಯಿತು. ಗ್ಯಾಸ್ ಕಂಪನಿಯ ಗವರ್ನರ್ ಸೈಮನ್ ಆಡಮ್ಸ್ ಬೆಕ್ ಎಂಬುವರ ಹೆಸರಿನಿಂದಲೇ ಆ ಜಾಗಕ್ಕೆ ಬೆಕ್ಟನ್ ಎಂಬ ಹೆಸರು ಬಂತು. 1967ರಿಂದ 1977ರವರೆಗೆ ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಇಡೀ ದೇಶದ ಒಲೆಗಳನ್ನು ಬದಲಾಯಿಸಿದರು. ಅಲ್ಲಿಯವರೆಗೆ ಈ ಊರಿನ ಜನ ಚಹಾ ಕಾಯಿಸಿದ್ದು ಅರ್ಧ ಹೈಡ್ರೋಜನ್ ಇದ್ದ ಗ್ಯಾಸಿನಿಂದ. ಪಾಳುಬಿದ್ದ ಆ ಕಾರ್ಖಾನೆಯಲ್ಲೇ ಸ್ಟ್ಯಾನ್ಲಿ ಕುಬ್ರಿಕ್ "ಫುಲ್ ಮೆಟಲ್ ಜಾಕೆಟ್" ಸಿನಿಮಾದ ವಿಯೆಟ್ನಾಂ ದೃಶ್ಯಗಳನ್ನು ತೆಗೆದ.

ಆ ಕಾರ್ಖಾನೆಯ ಪಕ್ಕದಲ್ಲೇ ಬೆಕ್ಟನ್ ಕೊಳಚೆ ಶುದ್ಧೀಕರಣ ಘಟಕ, ಯೂರೋಪಿನ ಅತಿ ದೊಡ್ಡವುಗಳಲ್ಲಿ ಒಂದು. ಘನ ಇಂಧನವನ್ನು ಬಿಸಿಮಾಡಿ ಹೈಡ್ರೋಜನ್ ತೆಗೆಯುವುದನ್ನು ಒಂದು ಕಡೆ ನೂರು ವರ್ಷ ಮಾಡಿದರು. ಗೋಡೆಯಾಚೆ ಇನ್ನೊಂದು ಕಡೆ ರಾಡಿ ರಾಶಿ ಬೀಳುತ್ತಿತ್ತು. ಹಾಗಾದರೆ ಇವೆರಡನ್ನೂ ಕೂಡಿಸಬಾರದೇ ಎಂಬುದೇ ಇವತ್ತಿನ ಪ್ರಶ್ನೆ. ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದನೇ ದಾರಿ: ಗೋಬರ್ ಗ್ಯಾಸ್

ಊರಿಗೆ ಹೋದಾಗ ಅಜ್ಜನ ಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ನೋಡಿದ್ದೀರಾ? ಸಗಣಿ ನೀರು ಕಲಸಿ ಗುಂಡಿಗೆ ಬಿಡುತ್ತಾರೆ. ಗಾಳಿ ಸೋಕದ ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗ್ಯಾಸ್ ಬಿಡುತ್ತವೆ. ಅದರಲ್ಲಿ ಸುಮಾರು 60 ಭಾಗ ಮೀಥೇನ್, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅಡುಗೆಮನೆಯಲ್ಲಿ ನೀಲಿ ಉರಿ, ಹಿತ್ತಲಲ್ಲಿ ಒಳ್ಳೆಯ ಗೊಬ್ಬರ.

ಬೆಕ್ಟನ್‌ನಲ್ಲಿ ನಡೆಯುವುದೂ ಇದೇ ಕೆಲಸ, ಗಾತ್ರ ಮಾತ್ರ ದೊಡ್ಡದು. ಕೊಳಚೆ ನೀರನ್ನು ನಿಲ್ಲಿಸಿದಾಗ ತಳಕ್ಕೆ ಕೂರುವ ಗಸಿಯೇ ಸ್ಲಡ್ಜ್, ನಾವು ರಾಡಿ ಎನ್ನೋಣ. ಬೆಕ್ಟನ್ ಮತ್ತು ಕ್ರಾಸ್‌ನೆಸ್ ಘಟಕಗಳಲ್ಲಿ ಈ ರಾಡಿಯನ್ನು ಮೊದಲು ಒಂದು ದೊಡ್ಡ ಕುಕ್ಕರಿನಲ್ಲಿ ಬೇಯಿಸುತ್ತಾರೆ. ಸುಮಾರು 160 ಡಿಗ್ರಿ ಬಿಸಿ, ಆರು ಪಟ್ಟು ಒತ್ತಡ, ಅರ್ಧ ಗಂಟೆ. ಬೇಳೆ ಬೆಂದಷ್ಟೂ ಜೀರ್ಣವಾಗುವುದು ಸುಲಭವಲ್ಲವೇ? ಹಾಗೆಯೇ ಬೆಂದ ರಾಡಿಯನ್ನು ಬ್ಯಾಕ್ಟೀರಿಯಾಗಳು ಬೇಗ ಜೀರ್ಣಿಸಿಕೊಂಡು ಹೆಚ್ಚು ಗ್ಯಾಸ್ ಕೊಡುತ್ತವೆ. ಆ ಗ್ಯಾಸಿನಿಂದ ಎಂಜಿನ್ ಓಡಿಸಿ ವಿದ್ಯುತ್ ತೆಗೆದು ಘಟಕಕ್ಕೇ ಬಳಸುತ್ತಾರೆ.

ಈ ವಿದ್ಯೆಯಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನ ತಲುಪಿಸಲು "ಅಸ್ತ್ರ" ಎಂಬ ಕೇಂದ್ರ ಕಟ್ಟಿದರು. ಆ ಕೇಂದ್ರದವರು 1987ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇಡೀ ಊರಿನ ಸಗಣಿ ಸೇರಿಸಿ, ಅದರ ಗ್ಯಾಸಿನಿಂದ ವಿದ್ಯುತ್ ತೆಗೆದು, ಮನೆಗಳಿಗೆ ದೀಪ ಕೊಟ್ಟು, ಕೊಳವೆ ಬಾವಿಯಿಂದ ನೀರೆತ್ತಿದರು. ಸಗಣಿ ತಂದುಕೊಟ್ಟವರಿಗೆ ಹಣ ಸಿಗುತ್ತಿತ್ತು, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರವೂ ಅವರಿಗೇ ವಾಪಸ್ಸು. ಈ "ವಾಪಸ್ಸು" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಮೂರನೇ ಪ್ರಶ್ನೆಗೆ ಬೇಕಾಗುತ್ತದೆ.

ಸರಿ, ಮೀಥೇನ್ ಸಿಕ್ಕಿತು. ಹೈಡ್ರೋಜನ್ ಎಲ್ಲಿ? ಮೀಥೇನಿನ ಪ್ರತಿ ಅಣುವಿನಲ್ಲಿ ಒಂದು ಇಂಗಾಲ, ನಾಲ್ಕು ಹೈಡ್ರೋಜನ್. ಅದನ್ನು ನೀರಿನ ಹಬೆಯ ಜೊತೆ ಸೇರಿಸಿ, ನಿಕ್ಕಲ್ ಇರುವ ಕೊಳವೆಗಳಲ್ಲಿ 800 ಡಿಗ್ರಿಗೂ ಮೇಲೆ ಕಾಯಿಸಿದರೆ ಇಂಗಾಲ ಆಮ್ಲಜನಕದ ಜೊತೆ ಹೊರಟುಹೋಗಿ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅಲ್ಲಿ ಅರ್ಧ ಹೈಡ್ರೋಜನ್ ಮೀಥೇನಿನದು, ಅರ್ಧ ಹಬೆಯದು. ಲೆಕ್ಕದ ಪ್ರಕಾರ ಎರಡು ಕಿಲೋ ಮೀಥೇನಿಗೆ ಒಂದು ಕಿಲೋ ಹೈಡ್ರೋಜನ್ ಬರಬೇಕು. ಆದರೆ 800 ಡಿಗ್ರಿ ಬಿಸಿ ಸುಮ್ಮನೆ ಬರುವುದಿಲ್ಲ. ಗ್ಯಾಸಿನ ಒಂದು ಪಾಲನ್ನು ಅಲ್ಲೇ ಸುಡಬೇಕು. ಹಾಗಾಗಿ ಕೈಗೆ ಸಿಗುವುದು ಕಡಿಮೆ. ನಮ್ಮ ಮೊದಲ ಪ್ರಶ್ನೆ, ಬೆಂಕಿ ಯಾರದು ಎಂಬುದು, ಇಲ್ಲಿ ಬಂತು ನೋಡಿ.

ಎರಡನೇ ದಾರಿ: ಅರೆಬರೆ ಉರಿ

ಇನ್ನೊಂದು ದಾರಿ ಗ್ಯಾಸಿಫಿಕೇಶನ್. ಸೌದೆಗೆ ಸಾಕಷ್ಟು ಗಾಳಿ ಕೊಟ್ಟರೆ ಪೂರ್ತಿ ಉರಿದು ಬೂದಿಯಾಗುತ್ತದೆ. ಗಾಳಿಯನ್ನು ಬಿಗಿಹಿಡಿದು ಹಬೆ ಹಾಯಿಸಿ 700ರಿಂದ 1000 ಡಿಗ್ರಿವರೆಗೆ ಬಿಸಿ ಮಾಡಿದರೆ, ಉರಿಯುವ ಬದಲು ಒಡೆದುಹೋಗಿ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸೇರಿದ ಗ್ಯಾಸ್ ಬರುತ್ತದೆ. ಆ ಕಾರ್ಬನ್ ಮಾನಾಕ್ಸೈಡಿಗೆ ಮತ್ತೆ ಹಬೆ ಕೊಟ್ಟರೆ ಇನ್ನಷ್ಟು ಹೈಡ್ರೋಜನ್.

ಇದರಲ್ಲಿಯೂ ಬೆಂಗಳೂರಿನ ಹೆಸರು ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ದಾಸಪ್ಪ ಅವರ ತಂಡ ಒಂದು ಕಿಲೋ ಜೈವಿಕ ತ್ಯಾಜ್ಯದಿಂದ 100 ಗ್ರಾಂ ಹೈಡ್ರೋಜನ್ ತೆಗೆದು ತೋರಿಸಿದೆ. ಆ ಒಂದು ಕಿಲೋದಲ್ಲಿ ಇರುವ ಹೈಡ್ರೋಜನ್ ಬರೀ 60 ಗ್ರಾಂ. ಇನ್ನುಳಿದ 40 ಗ್ರಾಂ ಎಲ್ಲಿಂದ ಬಂತು? ಹಬೆಯಿಂದ, ಅಂದರೆ ನೀರಿನಿಂದ. ಜಲಜನಕ ಎಂಬ ಹೆಸರು ಸಾರ್ಥಕ.

ಹಾಗಿದ್ದರೆ ಲಂಡನ್ನಿನ ಕಸಕ್ಕೂ ರಾಡಿಗೂ ಇದನ್ನೇ ಮಾಡಬಹುದಲ್ಲ? ಇಲ್ಲಿ ಎರಡು ತೊಡಕು.

ಮೊದಲನೆಯದು ಹಸಿ. ಬಚ್ಚಲ ಒಲೆಗೆ ಹಸಿ ಸೌದೆ ಇಟ್ಟರೆ ಏನಾಗುತ್ತದೆ ಎಂದು ನಿಮ್ಮ ಅಜ್ಜಿಯನ್ನು ಕೇಳಿ. ಕಣ್ಣು ಉರಿಯುತ್ತದೆ, ನೀರು ಕಾಯುವುದಿಲ್ಲ. ರಾಡಿಯನ್ನು ಯಂತ್ರದಲ್ಲಿ ಎಷ್ಟೇ ಹಿಂಡಿದರೂ ಸಾಮಾನ್ಯವಾಗಿ ನೂರಕ್ಕೆ 75 ಭಾಗ ನೀರೇ ಉಳಿದಿರುತ್ತದೆ. ಒಂದು ಕಿಲೋ ಹಿಂಡಿದ ರಾಡಿಯಲ್ಲಿ ಕಾಲು ಕಿಲೋ ಒಣ ವಸ್ತು. ಅದರಲ್ಲಿ ಇರುವ ಶಕ್ತಿ ಸುಮಾರು ನಾಲ್ಕು ಮೆಗಾಜೂಲ್. ಮುಕ್ಕಾಲು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು ಎರಡು ಮೆಗಾಜೂಲ್ ಬೇಕು. ಅರ್ಧ ಆಸ್ತಿ ಒಣಗಿಸುವುದಕ್ಕೇ ಹೋಯಿತು! ಉಳಿದ ಅರ್ಧದಲ್ಲಿ ಹೈಡ್ರೋಜನ್ ಮಾಡಬೇಕು. ಬೇರೆ ಕಾರ್ಖಾನೆಯ ವ್ಯರ್ಥ ಬಿಸಿಯನ್ನು ತಂದು ಒಣಗಿಸಿದರೆ ಲೆಕ್ಕ ಸುಧಾರಿಸುತ್ತದೆ. ಹೊಸದಾಗಿ ಗ್ಯಾಸ್ ಸುಟ್ಟು ಒಣಗಿಸಿದರೆ ಅದು ಕಾರ್ಟಿಂಗ್ ಲೇನಿನ ದೀಪವೇ.

ಎರಡನೆಯದು ಬೆರಕೆ. ದಾಸಪ್ಪನವರ ತಂಡದ ಕಚ್ಚಾ ವಸ್ತು ಒಣಗಿದ್ದು, ಒಂದೇ ತೆರನಾದದ್ದು. ನಮ್ಮ ಮನೆಯ ಕಪ್ಪು ಚೀಲದಲ್ಲಿ ಏನೇನಿದೆ? ಪಿಜ್ಜಾ ಡಬ್ಬ, ಡಯಾಪರ್, ಹಳಸಿದ ಸಾಂಬಾರು, ಮುರಿದ ಆಟಿಕೆ, ಬ್ಯಾಟರಿ. ಇವತ್ತು ಒಂದು ಬಗೆ, ನಾಳೆ ಇನ್ನೊಂದು. ಬಿಸಿ ಮಾಡಿದಾಗ ಡಾಂಬರಿನಂಥ ಜಿಗುಟು ಕೊಳವೆಗಳಿಗೆ ಅಂಟುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನ ಕ್ಲೋರಿನ್ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಬಸ್ಸಿನ ಫ್ಯೂಯಲ್ ಸೆಲ್ ಮಾತ್ರ ಬಹಳ ಮಡಿ! ಅದಕ್ಕೆ 99.97 ಭಾಗ ಶುದ್ಧ ಹೈಡ್ರೋಜನ್ನೇ ಆಗಬೇಕು. ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷದಲ್ಲಿ 0.2 ಭಾಗಕ್ಕಿಂತ ಹೆಚ್ಚಿರಬಾರದು. ಊರಿನ ಕಸದಿಂದ ಆ ಮಡಿಗೆ ಏರುವ ಪ್ರತಿ ಮೆಟ್ಟಿಲಿಗೂ ಹಣ, ಪ್ರತಿ ಮೆಟ್ಟಿಲಿಗೂ ಶಕ್ತಿ.

ಇದು ಬರೀ ಕಾಗದದ ಮಾತಲ್ಲ. 2010ರಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಸೊಲೆನಾ ಎಂಬ ಕಂಪನಿ ಲಂಡನ್ನಿನ ಕಸವನ್ನು ಗ್ಯಾಸ್ ಮಾಡಿ, ಅದರಿಂದ ವಿಮಾನದ ಇಂಧನ ತಯಾರಿಸುವ ಯೋಜನೆ ಪ್ರಕಟಿಸಿದವು. 2014ರಲ್ಲಿ ಥೇಮ್ಸ್ ದಡದ ಥರ್ರಕ್‌ನಲ್ಲಿ ಜಾಗವನ್ನೂ ಗುರುತಿಸಿದರು. ವರ್ಷಕ್ಕೆ 5,75,000 ಟನ್ ಕಸದ ಅಂದಾಜು. ಆ ಕಾರ್ಖಾನೆ ಕಟ್ಟಲೇ ಇಲ್ಲ, 2016ರ ಹೊತ್ತಿಗೆ ಯೋಜನೆ ಕೈಬಿಟ್ಟರು. ಉತ್ತರದ ಟೀಸ್ ವ್ಯಾಲಿಯಲ್ಲಿ ಏರ್ ಪ್ರಾಡಕ್ಟ್ಸ್ ಕಂಪನಿ ಕಸದ ಗ್ಯಾಸಿಫಿಕೇಶನ್ ಘಟಕಗಳನ್ನು ಕಟ್ಟತೊಡಗಿ, 2016ರ ಏಪ್ರಿಲ್‌ನಲ್ಲಿ ಸುಮಾರು ನೂರು ಕೋಟಿ ಡಾಲರ್ ನಷ್ಟ ಬರೆದು ಹೊರನಡೆಯಿತು. ದೊಡ್ಡ ಹಣ, ದೊಡ್ಡ ಎಂಜಿನಿಯರುಗಳು ಇದ್ದರೂ ಕಪ್ಪು ಚೀಲದ ಬೆರಕೆ ಸುಲಭವಾಗಿ ಬಗ್ಗಲಿಲ್ಲ.

ಆದದ್ದು ಎಲ್ಲಿ?

ಹಾಗೆಂದು ಎಲ್ಲಿಯೂ ಆಗಿಲ್ಲವೆಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಫೌಂಟನ್ ವ್ಯಾಲಿಯಲ್ಲಿ 2011ರಲ್ಲಿ ಕೊಳಚೆಯ ಗ್ಯಾಸಿನಿಂದ ವಿದ್ಯುತ್, ಬಿಸಿ, ಹೈಡ್ರೋಜನ್ ಮೂರನ್ನೂ ಒಟ್ಟಿಗೆ ತೆಗೆದರು. ಜಪಾನಿನ ಫುಕುವೋಕಾ ನಗರ 2015ರಲ್ಲಿ ತನ್ನ ಕೊಳಚೆ ಘಟಕದ ಅಂಗಳದಲ್ಲೇ ಹೈಡ್ರೋಜನ್ ಬಂಕ್ ತೆರೆದು ಕಾರುಗಳಿಗೆ ತುಂಬಿಸಿತು. ಎರಡೂ ಕಡೆ ಆರಿಸಿಕೊಂಡದ್ದು ಮೊದಲನೇ ದಾರಿ, ಅಂದರೆ ಗೋಬರ್ ಗ್ಯಾಸ್ ದಾರಿ. ಕಾರಣ ಸರಳ: ಬ್ಯಾಕ್ಟೀರಿಯಾಗಳಿಗೆ ಹಸಿಯೇ ಬೇಕು, ಒಣಗಿಸುವ ಖರ್ಚಿಲ್ಲ. ಗ್ಯಾಸು ತಾನಾಗಿ ನೀರಿನಿಂದ ಬೇರೆಯಾಗಿ ಮೇಲೆ ಬರುತ್ತದೆ.

ಹಾಗಾದರೆ ಬೆಕ್ಟನ್‌ನಲ್ಲಿಯೂ ಹೀಗೇ ಮಾಡಿ ಬಸ್ಸು ಓಡಿಸೋಣವೇ? ಒಂದು ಸ್ಥೂಲ ಲೆಕ್ಕ ಹಾಕೋಣ, ನೀವೂ ಪೆನ್ನು ಹಿಡಿಯಿರಿ. ಗ್ಯಾಸಿನಲ್ಲಿ 100 ಪಾಲು ಶಕ್ತಿ ಇದೆ ಎಂದುಕೊಳ್ಳಿ. ಹೈಡ್ರೋಜನ್ ಮಾಡಿದರೆ ಸುಮಾರು 70 ಪಾಲು ಉಳಿಯುತ್ತದೆ. ಶುದ್ಧಿ ಮಾಡಿ, ಒತ್ತಿ, ಟ್ಯಾಂಕಿಗೆ ತುಂಬಿಸುವಾಗ 60. ಬಸ್ಸಿನ ಫ್ಯೂಯಲ್ ಸೆಲ್ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆಯನ್ನು ಚಕ್ರಕ್ಕೆ ಕೊಡುತ್ತದೆ, ಅಂದರೆ 27ರ ಆಸುಪಾಸು. ಅದೇ ಗ್ಯಾಸನ್ನು ಎಂಜಿನ್ನಿಗೆ ಹಾಕಿ ವಿದ್ಯುತ್ ಮಾಡಿದರೆ ಸುಮಾರು 40. ಬ್ಯಾಟರಿ ಬಸ್ಸಿಗೆ ತುಂಬಿಸಿದರೆ ಚಕ್ರಕ್ಕೆ 32ರ ಆಸುಪಾಸು. ಜೊತೆಗೆ ಎಂಜಿನ್ನಿನ ಬಿಸಿ ರಾಡಿ ಬೇಯಿಸುವ ಕುಕ್ಕರಿಗೆ ಬಳಕೆಯಾಗುತ್ತದೆ. ಇನ್ನೊಂದು ಆಯ್ಕೆಯೂ ಇದೆ: ಗ್ಯಾಸನ್ನು ಶುದ್ಧಮಾಡಿ ನೇರ ಮನೆಗಳ ಗ್ಯಾಸ್ ಪೈಪಿಗೆ ಬಿಡುವುದು. ಥೇಮ್ಸ್ ವಾಟರ್ 2010ರಲ್ಲಿ ಡಿಡ್‌ಕಾಟ್‌ನಲ್ಲಿ ಅದನ್ನು ಮಾಡಿತು, ಬ್ರಿಟನ್ನಿನಲ್ಲಿ ಅದೇ ಮೊದಲು.

ಲಂಡನ್ ಆ ಲೆಕ್ಕವನ್ನು ರಸ್ತೆಯಲ್ಲೇ ತೋರಿಸಿದೆ. ಹೈಡ್ರೋಜನ್ ಡಬಲ್ ಡೆಕರ್‌ಗಳು 20. ಬ್ಯಾಟರಿ ಬಸ್ಸುಗಳು 2025ರ ಹೊತ್ತಿಗೆ ಎರಡು ಸಾವಿರದ ಆಸುಪಾಸು.

ಹಾಗಾದರೆ ಕೊಳಚೆಯ ಹೈಡ್ರೋಜನ್ ಬೇಡವೇ? ಹಾಗಲ್ಲ. ಬ್ಯಾಟರಿಯಿಂದ ಆಗದ ಕೆಲಸಗಳಿವೆ. ಹೊಲಕ್ಕೆ ಹಾಕುವ ಯೂರಿಯಾಗೆ ಅಮೋನಿಯಾ ಬೇಕು, ಅಮೋನಿಯಾಗೆ ಹೈಡ್ರೋಜನ್ ಬೇಕು. ಕಲ್ಲಿದ್ದಲಿಲ್ಲದೆ ಉಕ್ಕು ಮಾಡಲು ಹೈಡ್ರೋಜನ್ ಬೇಕು. ಅಲ್ಲಿ ಅದಕ್ಕೆ ಬೆಲೆ. ತುಪ್ಪ ಇದೆಯೆಂದು ಅದರಲ್ಲಿ ಕೈ ತೊಳೆಯುವುದಿಲ್ಲ, ಎಲ್ಲಿ ಬಡಿಸಬೇಕೋ ಅಲ್ಲಿ ಬಡಿಸುತ್ತೇವೆ.

ಇಂಗಾಲದ ಜಾತಕ

ಎರಡನೇ ಪ್ರಶ್ನೆಗೆ ಬರೋಣ. ಕಸದಿಂದ ಹೈಡ್ರೋಜನ್ ತೆಗೆದರೆ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರಲೇಬೇಕು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರ ಹುಟ್ಟಿನ ಮೇಲೆ ನಿಂತಿದೆ.

ನೀವು ಉಂಡ ಅನ್ನದ ಇಂಗಾಲವನ್ನು ಭತ್ತದ ಗಿಡ ಹೋದ ವರ್ಷ ಗಾಳಿಯಿಂದಲೇ ತೆಗೆದುಕೊಂಡಿತ್ತು. ಅದು ಗಾಳಿಗೆ ವಾಪಸ್ಸಾದರೆ ಲೆಕ್ಕ ಸಮ. ಅದನ್ನು ಹಿಡಿದು ನೆಲದಡಿ ಹೂತರೆ ಗಾಳಿಯ ಇಂಗಾಲ ಕಡಿಮೆಯೇ ಆಗುತ್ತದೆ. ಪ್ಲಾಸ್ಟಿಕ್ಕಿನ ಇಂಗಾಲ ಹಾಗಲ್ಲ, ಅದು ಕೋಟಿಗಟ್ಟಲೆ ವರ್ಷ ನೆಲದಡಿ ಇದ್ದ ಪೆಟ್ರೋಲಿಯಂ. ಪ್ಲಾಸ್ಟಿಕ್ ತುಂಬಿದ ಚೀಲದಿಂದ ಹೈಡ್ರೋಜನ್ ಮಾಡಿ "ಹಸಿರು ಇಂಧನ" ಎಂದು ಕರೆದರೆ ಅದು ಪೆಟ್ರೋಲಿಗೆ ಹಸಿರು ಬಣ್ಣ ಬಳಿದ ಹಾಗೆ. ಆದ್ದರಿಂದ "ಕಸದಿಂದ" ಎಂದಾಗ "ಯಾವ ಕಸದಿಂದ?" ಎಂದು ಕೇಳಿ.

ಉಳಿದದ್ದು ಯಾರ ಬಾಗಿಲಿಗೆ?

ಮೂರನೇ ಪ್ರಶ್ನೆಯೇ ನನಗೆ ಮುಖ್ಯವೆನಿಸುತ್ತದೆ. ಏಕೆಂದರೆ ಕೊಳಚೆಯ ಇತಿಹಾಸವೆಲ್ಲ ಅದನ್ನು ಇನ್ನೊಬ್ಬರ ಬಾಗಿಲಿಗೆ ಸಾಗಿಸಿದ ಇತಿಹಾಸ.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನಲ್ಲಿ ಕೂರಲಾಗಲಿಲ್ಲ. ಜೋಸೆಫ್ ಬಜಾಲ್ಗೆಟ್ ದೊಡ್ಡ ಚರಂಡಿಗಳನ್ನು ಕಟ್ಟಿಸಿ ಕೊಳಚೆಯನ್ನು ಪೂರ್ವಕ್ಕೆ, ಬೆಕ್ಟನ್ ಮತ್ತು ಕ್ರಾಸ್‌ನೆಸ್ ಕಡೆಗೆ ಸಾಗಿಸಿದ. ಅಲ್ಲಿ ಅದನ್ನು ಹಾಗೆಯೇ ನದಿಗೆ ಬಿಟ್ಟರು. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರದ ದೋಣಿ ಆ ಹತ್ತಿರವೇ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಅವರು ಬಿದ್ದದ್ದು ಹೊಲಸು ನೀರಿಗೆ. ಆಮೇಲೆ ರಾಡಿಯನ್ನು ಬೇರ್ಪಡಿಸಿ 1887ರಿಂದ ಹಡಗಿನಲ್ಲಿ ತುಂಬಿ ಸಮುದ್ರಕ್ಕೆ ಸುರಿಯತೊಡಗಿದರು. ಮೊದಲ ಹಡಗಿನ ಹೆಸರೂ ಬಜಾಲ್ಗೆಟ್! ಅದು ನಿಂತದ್ದು 1998ರಲ್ಲಿ, ಯೂರೋಪಿನ ಕಾನೂನು ಬಂದ ಮೇಲೆ. ಅದೇ ವರ್ಷ ಬೆಕ್ಟನ್ ಮತ್ತು ಕ್ರಾಸ್‌ನೆಸ್‌ನಲ್ಲಿ ರಾಡಿ ಸುಟ್ಟು ವಿದ್ಯುತ್ ಮಾಡುವ ಘಟಕಗಳು ಬಂದವು.

ಈಗ ಬ್ರಿಟನ್ನಿನ ಬಹುಪಾಲು ರಾಡಿ ಜೀರ್ಣವಾದ ಮೇಲೆ ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತದೆ. ಪುರ ಹಳ್ಳಿಯಲ್ಲಿ ನಡೆದದ್ದೂ ಅದೇ. ಆದರೆ ಅಲ್ಲಿ ಇದ್ದದ್ದು ಸಗಣಿ ಮಾತ್ರ. ಲಂಡನ್ನಿನ ಚರಂಡಿಗೆ ನಮ್ಮ ಬಟ್ಟೆಯ ಪಾಲಿಯೆಸ್ಟರ್ ಎಳೆ, ಔಷಧ, ನಾನ್‌ಸ್ಟಿಕ್ ಬಾಣಲೆ ಮತ್ತು ಮಳೆಯಂಗಿಗಳಲ್ಲಿ ಬಳಸುವ ಎಂದೂ ಕೊಳೆಯದ ರಾಸಾಯನಿಕಗಳು ಎಲ್ಲವೂ ಸೇರುತ್ತವೆ. ರೈತನ ಹೊಲಕ್ಕೆ ಅವೂ ಹೋಗುತ್ತವಲ್ಲ ಎಂಬ ಆತಂಕ ಬೆಳೆಯುತ್ತಿದೆ. ಸ್ವಿಟ್ಜರ್ಲೆಂಡ್ ರಾಡಿಯನ್ನು ಹೊಲಕ್ಕೆ ಹಾಕುವುದನ್ನೇ ನಿಲ್ಲಿಸಿದೆ. ನಾಳೆ ಇಲ್ಲಿಯೂ ಹೊಲಗಳ ಬಾಗಿಲು ಮುಚ್ಚಿದರೆ ರಾಡಿ ಎಲ್ಲಿಗೆ ಹೋಗಬೇಕು? ಆಗ ಎರಡನೇ ದಾರಿ, ಬಿಸಿಯ ದಾರಿ, ದುಬಾರಿಯಾದರೂ ಬೇಕಾಗಬಹುದು. ಆಗ ಹೈಡ್ರೋಜನ್ ಅದರ ಗುರಿಯಲ್ಲ, ಕೈಗೆ ಬಂದ ಲಾಭ. ಮುಖ್ಯ ಕೆಲಸ ಹೊಲಸನ್ನು ಸ್ವಚ್ಛವಾಗಿ ಮುಗಿಸುವುದು. ಕಾರ್ಟಿಂಗ್ ಲೇನಿನ ದೀಪದ ಕೆಲಸವೂ ಅದೇ ಆಗಿತ್ತು ಎಂಬುದು ನೆನಪಿದೆಯಲ್ಲ?

ನಮ್ಮ ಊರನ್ನೂ ಮರೆಯುವಂತಿಲ್ಲ. ಬೆಂಗಳೂರು ತನ್ನ ಕಸವನ್ನು ವರ್ಷಗಟ್ಟಲೆ ಮಂಡೂರು ಎಂಬ ಹಳ್ಳಿಯ ಪಕ್ಕ ಸುರಿಯಿತು. 2014ರಲ್ಲಿ ಆ ಹಳ್ಳಿಯವರು ರಸ್ತೆಗೆ ಇಳಿದು ಲಾರಿಗಳನ್ನು ತಡೆದ ಮೇಲೆ ಅದು ನಿಂತಿತು. ಲಂಡನ್ನಾಗಲಿ, ಬೆಂಗಳೂರಾಗಲಿ, ನಾವು "ಎಸೆದೆವು" ಎಂದುಕೊಂಡದ್ದು ಎಲ್ಲೋ ಒಂದು ಕಡೆ ಬಿದ್ದಿರುತ್ತದೆ.

ನಿಮ್ಮ ಕೈಯಲ್ಲಿರುವುದು

ಹಾಗಾದರೆ ನಾವೇನು ಮಾಡಬಹುದು? ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಲಂಡನ್ನಿನ ಮನೆಗಳ ಕಸದಲ್ಲಿ ಮರುಬಳಕೆಗೆ ಹೋಗುವುದು ಮೂರನೇ ಒಂದು ಭಾಗದಷ್ಟು, ಅರ್ಧಕ್ಕಿಂತ ಹೆಚ್ಚನ್ನು ಸುಡುತ್ತಾರೆ. ಹಸಿ ಮತ್ತು ಬೆರಕೆ ಎಂಬ ಎರಡು ತೊಡಕು ಹೇಳಿದೆನಲ್ಲ, ಎರಡೂ ಹುಟ್ಟುವುದು ಕಪ್ಪು ಚೀಲದಲ್ಲಿ. ಅನ್ನ, ಸಿಪ್ಪೆ, ಚಹಾ ಚರಟವನ್ನು ಬೇರೆ ಡಬ್ಬಿಗೆ ಹಾಕಿದರೆ ಅದು ಬ್ಯಾಕ್ಟೀರಿಯಾಗಳ ಊಟ, ಗೋಬರ್ ಗ್ಯಾಸ್ ದಾರಿಗೆ ಸರಿಯಾದ ಸರಕು. ಅದು ಹೊರಗೆ ಬಂದರೆ ಉಳಿದ ಕಸವೂ ಒಣಗಿರುತ್ತದೆ. ಇಂಗ್ಲೆಂಡಿನ ಕೌನ್ಸಿಲ್‌ಗಳು ಮನೆಗಳಿಂದ ವಾರಕ್ಕೊಮ್ಮೆ ಆಹಾರದ ಕಸವನ್ನು ಬೇರೆಯಾಗಿ ಒಯ್ಯಬೇಕೆಂದು ಸರ್ಕಾರ 2026ರ ಮಾರ್ಚ್ 31ರ ಗಡುವು ಇಟ್ಟದ್ದು ಇದಕ್ಕೇ. ಕೋಟಿ ಪೌಂಡಿನ ಯಂತ್ರ ಕಷ್ಟಪಟ್ಟು ಮಾಡುವ ಬೇರ್ಪಡಿಸುವ ಕೆಲಸವನ್ನು ನಿಮ್ಮ ಕೈ ಎರಡು ಸೆಕೆಂಡಿನಲ್ಲಿ ಮಾಡುತ್ತದೆ.

ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ, ಕೆಲವರು ಕೌನ್ಸಿಲ್‌ನಲ್ಲಿ ಕೂರುತ್ತೀರಿ, ಎಲ್ಲರೂ ಮತ ಹಾಕುತ್ತೀರಿ. ನಿಮ್ಮ ಬಡಾವಣೆಗೆ ಯಾರಾದರೂ ಕಸದಿಂದ ಹೈಡ್ರೋಜನ್ ತೆಗೆಯುವ ಘಟಕದ ಚಿತ್ರ ಹಿಡಿದು ಬಂದರೆ ಮರುಳಾಗಬೇಡಿ, ಮೂಗೂ ಮುರಿಯಬೇಡಿ. ಆ ಮೂರು ಪ್ರಶ್ನೆ ಕೇಳಿ: ಬೆಂಕಿ ಯಾರದು, ಇಂಗಾಲ ಎಲ್ಲಿಗೆ, ಉಳಿದದ್ದು ಯಾರ ಬಾಗಿಲಿಗೆ. ಮೂರಕ್ಕೂ ಅಂಕಿ ಸಮೇತ ಉತ್ತರ ಕೊಟ್ಟವರ ಜೊತೆ ಕೂತು ಮಾತಾಡಿ.

ಈ ವಾರಾಂತ್ಯ ಊರಿಗೆ ಫೋನ್ ಮಾಡಿದಾಗ ಅಜ್ಜಿ ತಾತನ ಹತ್ತಿರ ಗೋಬರ್ ಗ್ಯಾಸ್ ಬಗ್ಗೆ ಕೇಳಿ. ಗುಂಡಿಗೆ ಏನು ಹಾಕಬಾರದಿತ್ತು, ಸೋಪಿನ ನೀರು ಬಿದ್ದರೆ ಏನಾಗುತ್ತಿತ್ತು ಎಂದು ವಿಚಾರಿಸಿ. ಬೆಕ್ಟನ್‌ನ ಎಂಜಿನಿಯರುಗಳು ತಲೆಕೆಡಿಸಿಕೊಳ್ಳುವ ಪ್ರಶ್ನೆಗಳಿಗೆ ಅವರ ಬಳಿ ಅರ್ಧ ಉತ್ತರ ಇದ್ದರೂ ಇರಬಹುದು.

ಇವತ್ತಿಗೆ ಇಷ್ಟು.